ಎಡಭುಜ ಸುತ್ತಿದರೆ ಸಾಲದು, ಇಳಿಯಲೂ ಬೇಕು

ಬಲಗೈ ಗಾಲ್ಫ್ ಆಟಗಾರರ ಲೆಕ್ಕದಲ್ಲಿ ಬರೆಯುತ್ತಿದ್ದೇನೆ. ಬ್ಯಾಕ್‌ಸ್ವಿಂಗ್‌ನಲ್ಲಿ, ಅಂದರೆ ಹೊಡೆಯುವ ಮುನ್ನ ಕ್ಲಬ್ಬನ್ನು (ಗಾಲ್ಫ್ ಕೋಲನ್ನು) ಹಿಂದಕ್ಕೆ ಎತ್ತುವಾಗ, ಭುಜ ತಿರುಗಿಸಿ ಎಂದರೆ ಹೆಚ್ಚಿನವರು ನೆಟ್ಟಗೆ ನಿಂತವರಂತೆ ಸಮತಟ್ಟಾಗಿ ತಿರುಗಿಸುತ್ತಾರೆ. ಆದರೆ ಬೆನ್ನು ಮುಂದಕ್ಕೆ ಬಾಗಿರುವುದರಿಂದ ಎಡಭುಜ ಸುತ್ತುತ್ತಲೇ ಕೆಳಗೂ ಇಳಿಯಬೇಕು. ಇಳಿಯದಿದ್ದರೆ ಎದೆ, ತಲೆ ಮೇಲೇಳುತ್ತವೆ. ಕ್ಲಬ್ ಚೆಂಡಿನ ನೆತ್ತಿಗೆ ತಾಗಿ ಚೆಂಡು ನೆಲದಲ್ಲೇ ಉರುಳುತ್ತದೆ.

ನಾನು ಇದನ್ನು ಸರಿಮಾಡಿಕೊಂಡದ್ದು ಚೆಂಡು ಹೊಡೆಯದೆಯೇ. ಕ್ಲಬ್ಬನ್ನು ಎರಡೂ ಭುಜಗಳಿಗೆ ತಾಗುವಂತೆ ಎದೆಗೆ ಅಡ್ಡ ಇಟ್ಟು, ಕೈ ಕಟ್ಟಿ ಒತ್ತಿ ಹಿಡಿಯುತ್ತೇನೆ. ಉದ್ದನೆಯ ಭಾಗ ಎಡಕ್ಕೆ ಚಾಚಿರಲಿ. 6 ಐರನ್‌ಗೆ (ಮಧ್ಯಮ ಉದ್ದದ ಕ್ಲಬ್‌ಗೆ) ನಿಲ್ಲುವಷ್ಟು ಬಾಗಿ, ಬೆನ್ನು ಗುರಿಯ ಕಡೆ ಬರುವವರೆಗೆ ತಿರುಗುತ್ತೇನೆ. ಆಗ ಕ್ಲಬ್‌ನ ತುದಿ ಚೆಂಡನ್ನೋ ಅದರಿಂದ ತುಸು ಆಚೆಯ ನೆಲವನ್ನೋ ತೋರಿಸಬೇಕು. ಎದುರಿನ ಮರಗಳನ್ನು ತೋರಿಸಿದರೆ ಭುಜ ಸಮತಟ್ಟಾಗಿ ಸುತ್ತಿದೆ. ಕಾಲ್ಬೆರಳ ಹತ್ತಿರ ತೋರಿಸಿದರೆ ಬರೀ ವಾಲಿದ್ದೇವೆ, ತಿರುಗಿಲ್ಲ. ಈ ಎರಡನೆಯದೇ ಹೆಚ್ಚು ಕೆಟ್ಟದ್ದು: ಭಾರ ಎಡಗಾಲಲ್ಲೇ ಉಳಿದು ಮೈ ಗುರಿಯತ್ತ ವಾಲುತ್ತದೆ, ಕೆಳಬೆನ್ನಿನ ಮೇಲೆ ಒತ್ತಡ ಬೀಳುತ್ತದೆ.

ಭುಜ ಸುಮಾರು 90 ಡಿಗ್ರಿ, ಸೊಂಟ ಅದರರ್ಧ ತಿರುಗಿದರೆ ಚೆನ್ನ. ಮೈ ಅಷ್ಟು ಬಗ್ಗದವರು ಬಲಪಾದವನ್ನು ಸುಮಾರು 20 ಡಿಗ್ರಿ ಹೊರಕ್ಕೆ ತೆರೆದು, ಎಡ ಹಿಮ್ಮಡಿಯನ್ನು ತುಸು ಏಳಲು ಬಿಡಲಿ. ಎಡ ಮೊಣಕೈ ಮಡಚಿ ಕೈ ಮೇಲೆತ್ತಿದರೆ ತಿರುಗಿದಂತೆ ಭಾಸವಾಗುತ್ತದೆ, ಅಷ್ಟೆ. ಅಂಗಿಯ ಗುಂಡಿಗಳನ್ನು ನೋಡಿಕೊಳ್ಳಿ: ಅವು ಬಲಗಾಲನ್ನು ದಾಟಿ ಗುರಿಗೆ ಬೆನ್ನು ಹಾಕಿದ್ದರೆ ಎದೆ ನಿಜವಾಗಿ ತಿರುಗಿದೆ. ಎಲ್ಲಕ್ಕಿಂತ ಉದ್ದದ ಕ್ಲಬ್ ಆದ ಡ್ರೈವರ್‌ಗೆ ಕಡಿಮೆ ಬಾಗುವುದರಿಂದ ಭುಜ ಇನ್ನಷ್ಟು ಅಡ್ಡಡ್ಡ ಸುತ್ತುತ್ತದೆ, ಗಿಡ್ಡ ಕ್ಲಬ್ ಆದ ವೆಜ್‌ಗೆ ಕಡಿದಾಗಿ. ಅದು ತಪ್ಪಲ್ಲ.

ಕೆಳಗೆ ಬರುವಾಗ ಕೆಡಿಸುವುದು ಬಲಭುಜ. ಹೊಡೆಯುವ ಆತುರಕ್ಕೆ ಅದೇ ಮೊದಲು ಚೆಂಡಿನತ್ತ ಮುನ್ನುಗ್ಗುತ್ತದೆ. ಕ್ಲಬ್ ಹೊರಗಿನಿಂದ ಒಳಕ್ಕೆ, ಅಂದರೆ ಚೆಂಡಿನ ಆಚೆಯಿಂದ ನಮ್ಮ ಕಡೆಗೆ, ಕೊಯ್ಯುತ್ತದೆ. ಅದರ ಮುಖ ಆ ದಾರಿಗೆ ತೆರೆದಿದ್ದರೆ ಸ್ಲೈಸ್ (ಚೆಂಡು ಬಲಕ್ಕೆ ಬಾಗುತ್ತದೆ), ನೇರವಿದ್ದರೆ ಪುಲ್ (ಚೆಂಡು ನೇರವಾಗಿ ಎಡಕ್ಕೆ ಹೋಗುತ್ತದೆ). ಅದಕ್ಕೇ ಬ್ಯಾಕ್‌ಸ್ವಿಂಗ್‌ನ ಮೇಲ್ತುದಿಯಲ್ಲಿ ಒಂದು ಎಣಿಕೆ ನಿಂತು, ಬೆನ್ನು ಇನ್ನೂ ಗುರಿಯ ಕಡೆ ಇರುವಾಗಲೇ ಭಾರವನ್ನು ಎಡ ಹಿಮ್ಮಡಿಗೆ ಒತ್ತುತ್ತೇನೆ. ಅರ್ಧ ವೇಗದಲ್ಲಿ ಹತ್ತು ಸಲ ಹೀಗೆ, ಆಮೇಲೆ ಚೆಂಡು. ಆಗ ಬಲಭುಜ ಗದ್ದದ ಅಡಿಯಿಂದ ಹಾದುಹೋಗುತ್ತದೆ. ಹಾದಮೇಲೆ ತಲೆಯನ್ನು ಬಲವಂತವಾಗಿ ಕೆಳಗೆ ಹಿಡಿಯಬೇಡಿ, ಭುಜವೇ ಅದನ್ನು ಗುರಿಯತ್ತ ಎತ್ತಿಕೊಂಡು ಹೋಗಲಿ.