ಫ್ರಾನ್ಸಲ್ಲಿ ಕಾರಿನ ಕಾಟ ಇಲ್ದೆ ಐದು ದಿನ ಸೈಕಲ್ ತುಳಿಯೋದು ಹೇಗೆ

ಆಫೀಸ್ ಕೆಲಸದ ಮೇಲೆ ದಕ್ಷಿಣ ಫ್ರಾನ್ಸಿನ ಟುಲೂಸ್‌ಗೆ ಬರೋ ನಮ್ಮ ಬೆಂಗಳೂರಿನವರು ರಜಾ ಸಿಕ್ತು ಅಂದ್ರೆ ಪ್ಯಾರಿಸ್ಸೋ ಸ್ವಿಟ್ಜರ್ಲೆಂಡೋ ಅಂತ ಓಡ್ತಾರೆ, ನಾನೂ ಮೊದಲ ವರ್ಷ ಹಾಗೇ ಓಡಿದವನೇ. ಆಮೇಲೆ ಗೊತ್ತಾಯ್ತು, ಟುಲೂಸ್ ರೈಲ್ವೆ ಸ್ಟೇಷನ್ನಿಂದ ಹೊರಗೆ ಕಾಲಿಟ್ರೆ ಎದುರಿಗೇ ಒಂದು ನಾಲೆ ಹರೀತಿದ್ಯಲ್ಲ, ಅದರ ಏರಿ ಹಿಡ್ಕೊಂಡು ವಾಯವ್ಯಕ್ಕೆ ಹೊರಟ್ರೆ ಸುಮಾರು 190 ಕಿ.ಮೀ. ತನಕ ಹಿಂದಿಂದ ಹಾರ್ನ್ ಹೊಡೆಯೋರು ಯಾರೂ ಇರಲ್ಲ ಅಂತ. ಸಿಲ್ಕ್ ಬೋರ್ಡಲ್ಲಿ ಸೈಕಲ್ ತುಳಿದವರಿಗೆ ಇದು ಎಂಥ ಸುಖ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಹೋಗೋದು ಕಷ್ಟ ಅಲ್ಲ, ಆದ್ರೆ ಪ್ಲ್ಯಾನ್ ಮಾಡೋವಾಗ ಎಲ್ಲರೂ ಎಡವೋ ಜಾಗ ಒಂದೆರಡು ಇವೆ.

ಮೊದಲು ಎರಡು ಪದ ಕಲ್ತುಕೊಳ್ಳಿ

ಒಂದು 'ವ್ವಾ ವೆರ್ತ್', ಅಂದ್ರೆ ಹಸಿರು ದಾರಿ. 2004ರಿಂದ ಇದು ಅಲ್ಲಿನ ರಸ್ತೆ ಕಾನೂನಲ್ಲೇ ಇದೆ, ಸೈಕಲ್ಲು, ನಡೆಯೋರು, ಸ್ಕೇಟಿಂಗ್ ಮಾಡೋರು ಹೋಗಬಹುದು, ಕಾರು ಬೈಕಿಗೆ ಪ್ರವೇಶ ಇಲ್ಲ. ಇನ್ನೊಂದು 'ವೆಲೋರೂತ್', ಇದು ಬೋರ್ಡ್ ಹಾಕಿರೋ ಉದ್ದದ ಸೈಕಲ್ ರೂಟು ಅಷ್ಟೆ, ಅದರಲ್ಲಿ ಸ್ವಲ್ಪ ಹಸಿರು ದಾರಿ ಇರುತ್ತೆ, ಸ್ವಲ್ಪ ಹಳ್ಳಿ ರಸ್ತೆ ಇರುತ್ತೆ, ಕೆಲವು ಕಡೆ ಕಾರೂ ಬರುತ್ತೆ. ಮ್ಯಾಪಲ್ಲಿ ಎರಡೂ ಒಂದೇ ಥರದ ಗೆರೆ ಕಾಣೋದ್ರಿಂದ ಜನ ಮೋಸ ಹೋಗ್ತಾರೆ. ಸುಮಾರು 900 ಕಿ.ಮೀ. ಉದ್ದದ ಲ್ವಾರ್ ನದಿ ರೂಟು ತುಂಬಾ ಫೇಮಸ್ಸು, ಕೋಟೆಗಳು ಅರಮನೆಗಳು ಎಲ್ಲ ಇವೆ, ಚೆನ್ನಾಗೂ ಇದೆ, ಆದ್ರೆ ಪೂರ್ತಿ ಕಾರಿಲ್ಲದ ದಾರಿ ಅಂದ್ಕೊಂಡು ಮಕ್ಕಳನ್ನ ಕರ್ಕೊಂಡು ಹೋಗಬೇಡಿ.

ಕಾರಿಲ್ಲದ ದಾರಿಗಳಲ್ಲೂ ಮುಖ್ಯವಾಗಿ ಎರಡು ಜಾತಿ. ಹಳೇ ರೈಲು ಹಳಿ ಕಿತ್ತು ಮಾಡಿದ್ದು ಒಂದು. ಬರ್ಗಂಡಿ ಕಡೆ ಜಿವ್ರಿಯಿಂದ ಕ್ಲೂನಿಗೆ ಹೋಗೋ 44 ಕಿ.ಮೀ. ದಾರಿ 1997ರಲ್ಲಿ ಶುರುವಾಯ್ತು, ದೇಶದಲ್ಲಿ ಮೊದಲನೇ ವ್ವಾ ವೆರ್ತ್ ಅದೇ. ರೈಲು ಹತ್ತಬೇಕಾಗಿದ್ದ ದಾರಿ ಅಲ್ವಾ, ಏರು ಇದ್ರೂ ಮಂಡಿಗೆ ಗೊತ್ತಾಗಲ್ಲ. ಅದೇ ದಾರೀಲಿ ಕ್ಲೂನಿಯಿಂದ ಮಾಕೋನ್ ಕಡೆ ಹೋದ್ರೆ 1.6 ಕಿ.ಮೀ. ಉದ್ದದ ಸುರಂಗ ಸಿಗುತ್ತೆ, ಚಳಿಗಾಲದಲ್ಲಿ ಬಾವಲಿಗಳು ಒಳಗೆ ಮಲಗಿರ್ತವೆ ಅಂತ ಬೀಗ ಹಾಕ್ತಾರೆ, ಆವಾಗ ಗುಡ್ಡ ಹತ್ತಿ ಇಳೀಬೇಕು. ಎರಡನೇ ಜಾತಿ ನಾಲೆ ಏರಿ, ಹಿಂದೆ ಕುದುರೆಗೆ ಹಗ್ಗ ಕಟ್ಟಿ ದೋಣಿ ಎಳೆಸ್ತಿದ್ದ ದಾರಿ. ಇದು ಬಹುತೇಕ ಮಟ್ಟಸ, ದೋಣಿ ಏರಿಸಿ ಇಳಿಸೋ ಲಾಕ್ ಗೇಟ್ ಹತ್ರ ಮಾತ್ರ ಒಂಚೂರು ಏರು ಬರುತ್ತೆ, ಮಂಡ್ಯದಲ್ಲಿ ವಿ.ಸಿ. ನಾಲೆ ಏರಿ ಮೇಲೆ ಸೈಕಲ್ ಹೊಡೆದವರು ಅದಕ್ಕೆ ಟಾರ್ ಹಾಕಿ ಎರಡೂ ಕಡೆ ಮರ ನೆಟ್ಟಂಗೆ ಅಂದ್ಕೊಳ್ಳಿ.

ರೂಟ್ ಆರಿಸೋದು

ಎಲ್ಲರೂ ಕನಾಲ್ ದ್ಯು ಮಿದಿ ಅಂತಾರೆ. ಪಿಯೆರ್ ಪೋಲ್ ರಿಕೆ ಅನ್ನೋನು 1666ರಲ್ಲಿ ಶುರು ಮಾಡಿಸಿದ 240 ಕಿ.ಮೀ. ನಾಲೆ ಅದು, 1996ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರ್ತು, ಹೆಸರು ದೊಡ್ಡದು. ಆದ್ರೆ ನನ್ನ ಕೇಳಿದ್ರೆ ಮೊದಲ ಸಲಕ್ಕೆ ಅದು ಬೇಡ. ಟುಲೂಸಿಂದ ಸುಮಾರು 50 ಕಿ.ಮೀ. ಬೆಣ್ಣೆ ಥರ ಇರುತ್ತೆ, ಅಲ್ಲಿಂದಾಚೆ ಹಲವು ಕಡೆ ಮಣ್ಣು, ಕಲ್ಲು, ಮರದ ಬೇರು, ಮಳೆ ಬಂದ್ರೆ ಕೆಸರು. ಜೊತೆಗೆ ಒಂದು ಶಿಲೀಂಧ್ರ ರೋಗ ಬಂದು ನಾಲೆ ಪಕ್ಕದ ಸಾವಿರಾರು 'ಪ್ಲೇನ್' ಅನ್ನೋ ಜಾತಿ ಮರಗಳನ್ನ ಕಡಿದಿದ್ದಾರೆ, ಹಾಗಾಗಿ ಫೋಟೋದಲ್ಲಿ ನೋಡಿದ ನೆರಳು ಎಲ್ಲ ಕಡೆ ಸಿಗಲ್ಲ.

ಅದರ ಬದಲು ಟುಲೂಸಿಂದ ಇನ್ನೊಂದು ಕಡೆ, ಅಟ್ಲಾಂಟಿಕ್ ದಿಕ್ಕಿಗೆ ಹೋಗೋ ಗಾರೋನ್ ನಾಲೆ ಹಿಡೀರಿ. 193 ಕಿ.ಮೀ., 1856ರಲ್ಲಿ ಮುಗಿದಿದ್ದು, ಏರಿ ಮೇಲೆ ಪೂರ್ತಿ ಟಾರ್. ಎಲ್ಲಕ್ಕಿಂತ ದೊಡ್ಡ ಕಾರಣ, ಟುಲೂಸ್‌-ಬೋರ್ಡೋ (ನಮ್ಮ ಟ್ರಿಪ್ ಮುಗಿಯೋ ಊರು) ರೈಲು ಲೈನು ಇದರ ಪಕ್ಕದಲ್ಲೇ ಓಡುತ್ತೆ. ಮಳೆ ಬಂತು, ಮಂಡಿ ನೋವು ಬಂತು, ಹೆಂಡತಿ ಸಾಕು ಅಂದ್ರು, ಮುಂದಿನ ಸ್ಟೇಷನ್ನಲ್ಲಿ ಸೈಕಲ್ ಸಮೇತ ರೈಲು ಹತ್ತಿದ್ರಾಯ್ತು. ಮೊದಲ ಟೂರಿಗೆ ಈ ಒಂದು ಧೈರ್ಯ ಇದ್ರೆ ಉಳಿದಿದ್ದೆಲ್ಲ ಹೇಗೋ ಆಗುತ್ತೆ, ಅದಕ್ಕೇ ನಾನು ಯಾರು ಕೇಳಿದ್ರೂ ಪಕ್ಕದಲ್ಲಿ ರೈಲಿರೋ ದಾರಿ ನೋಡ್ಕೊಳ್ಳಿ ಅಂತ್ಲೇ ಹೇಳೋದು. ಮ್ಯಾಪಿಗೆ ಫ್ರಾನ್ಸ್ ವೆಲೋ ತೂರಿಸ್ಮ್ ಸೈಟಲ್ಲಿ ಯಾವ ತುಂಡು ಕಾರಿಲ್ಲದ್ದು, ಯಾವುದು ರಸ್ತೆ ಅಂತ ಬೇರೆ ಬೇರೆ ತೋರಿಸ್ತಾರೆ, ಫೋನಿಗೆ ಇಳಿಸ್ಕೊಂಡಿರಿ.

ಮೇ, ಜೂನ್, ಸೆಪ್ಟೆಂಬರ್ ಒಳ್ಳೇದು. ಜುಲೈ ಆಗಸ್ಟಲ್ಲಿ ಆ ಕಡೆ ಬಿಸಿಲು ರಾಯಚೂರು ನೆನಪಾಗೋ ಹಾಗೆ ಇರುತ್ತೆ ಕೆಲವು ದಿನ, ಚಳಿಗಾಲದಲ್ಲಿ ಹಳ್ಳಿ ಕಡೆ ರೂಮುಗಳು ಎಷ್ಟೋ ಮುಚ್ಚಿರ್ತವೆ.

ದಿನಕ್ಕೆ ಎಷ್ಟು?

ಟುಲೂಸಿಂದ ಮ್ವಾಸಾಕ್ ಸುಮಾರು 65 ಕಿ.ಮೀ. ಊರು ಬಿಡೋ ತನಕ ಗೋಡೌನು, ಫ್ಯಾಕ್ಟರಿ, ಗೋಡೆ ಮೇಲೆ ಬಣ್ಣ, ಬೇಜಾರಾಗಬೇಡಿ. ದಾರೀಲಿ ಮೊಂತೆಶ್ ಹತ್ರ ಇಳಿದು ನೋಡಿ, 1974ರಲ್ಲಿ ಕಟ್ಟಿದ ಒಂದು ವಿಚಿತ್ರ ಯಂತ್ರ ಇದೆ. ಇಳಿಜಾರು ಕಾಂಕ್ರೀಟ್ ತೊಟ್ಟಿ, ಎರಡೂ ದಡದಲ್ಲಿ ಒಂದೊಂದು ರೈಲ್ ಇಂಜಿನ್, ಎರಡೂ ಸೇರಿ ಮಧ್ಯದಲ್ಲಿರೋ ಗೇಟಿಂದ ನೀರನ್ನೂ ಅದರ ಮೇಲೆ ತೇಲ್ತಿರೋ ದೋಣಿಯನ್ನೂ ಒಟ್ಟಿಗೆ ಮೇಲಕ್ಕೆ ತಳ್ಕೊಂಡು ಹೋಗ್ತಿದ್ವು. ಐದು ಲಾಕ್ ಗೇಟಿನ ಕೆಲಸ ಒಂದೇ ಸಲಕ್ಕೆ. 2009ರಿಂದ ನಿಂತಿದೆ, ಈಗ ನೋಡೋಕೆ ಮಾತ್ರ. ಮ್ವಾಸಾಕ್ ಊರಿಗೆ ಸ್ವಲ್ಪ ಮುಂಚೆ ನಾಲೆ ಸೇತುವೆ ಮೇಲೆ ಹತ್ತಿ ತಾರ್ನ್ ನದಿ ದಾಟುತ್ತೆ, ಕೆಳಗೆ ನದಿ, ಮೇಲೆ ನಾಲೆ, ನಾಲೆ ಪಕ್ಕ ನೀವು. ಊರಲ್ಲಿರೋ ಮಠದ ಕಲ್ಲಿನ ಪ್ರಾಕಾರ 1100ರಲ್ಲಿ ಮುಗಿದಿದ್ದು, ಅದಕ್ಕೆ ಒಂದು ಗಂಟೆ ಇಟ್ಕೊಳ್ಳಿ.

ಎರಡನೇ ದಿನ ಅಜೆನ್, 43 ಕಿ.ಮೀ. ಅಷ್ಟೆ. ಗೋಲ್ಫೆಶ್ ಅಣು ವಿದ್ಯುತ್ ಸ್ಥಾವರದ ಎರಡು ಕೂಲಿಂಗ್ ಟವರ್ ದೂರದಿಂದ ಕಾಣ್ತಾನೇ ಇರ್ತವೆ, ಎಷ್ಟು ತುಳಿದ್ರೂ ಹತ್ರ ಬಂದಂಗೇ ಆಗಲ್ಲ. ಅಜೆನ್ ದಾಟುವಾಗ ಮತ್ತೆ ನಾಲೆಯ ಸೇತುವೆ, 23 ಕಮಾನು, ಅರ್ಧ ಕಿ.ಮೀ.ಗೂ ಜಾಸ್ತಿ ಉದ್ದ, ಏರಿ ಅಲ್ಲಿ ಕಿರಿದು, ಎದುರಿಗೆ ಜನ ಬಂದ್ರೆ ಇಳಿದು ತಳ್ಳಿ. ಮೂರನೇ ದಿನ ಸುಮಾರು 48 ಕಿ.ಮೀ. ಹೋದ್ರೆ ಮಾ ದಜೆನೆ ಅಂತ ಸಣ್ಣ ಹಳ್ಳಿ, ಅದರ ಚರ್ಚಲ್ಲಿ ರೆಂಬ್ರಾಂಟ್ 1631ರಲ್ಲಿ ಬರೆದ ಶಿಲುಬೆ ಮೇಲಿನ ಕ್ರಿಸ್ತನ ಚಿತ್ರ ಇದೆ. ಮ್ಯೂಸಿಯಂ ಕ್ಯೂ ಇಲ್ಲ, ಏನಿಲ್ಲ. ನಾಲ್ಕನೇ ದಿನ ಆರಾಮಾಗಿ 30 ಕಿ.ಮೀ., ನಾಲೆ ಬಿಟ್ಟು ಗಾರೋನ್ ನದಿ ದಾಟಿ ಲಾ ರೆಯೋಲ್.

ಐದನೇ ದಿನ ಸುಮಾರು 14 ಕಿ.ಮೀ. ಗುಡ್ಡದ ಹಳ್ಳಿ ರಸ್ತೆ, ಇಷ್ಟು ಮಾತ್ರ ಕಾರಿನ ಜೊತೆ ಹೋಗಬೇಕು. ಬೇಡ ಅನ್ನೋರು ಲಾ ರೆಯೋಲಲ್ಲೇ ರೈಲು ಹತ್ತಿ. ಹೋದವರಿಗೆ ಸೋವ್‌ತೇರ್ ಊರಿಂದ ಬೋರ್ಡೋ ತನಕ ಹಳೇ ರೈಲು ದಾರಿ, 57 ಕಿ.ಮೀ., ದ್ರಾಕ್ಷಿ ತೋಟ ಮತ್ತೆ ಕಾಡು. ದಾರಿಗೆ ರೋಜೆ ಲಾಪೆಬಿ ಹೆಸರಿಟ್ಟಿದ್ದಾರೆ, 1937ರ ಟೂರ್ ದ ಫ್ರಾನ್ಸ್ ಗೆದ್ದವರು, ಅದೇ ವರ್ಷ ರೇಸಲ್ಲಿ ಗೇರ್ ಬದಲಿಸೋ ಡಿರೇಲರಿಗೆ ಪರ್ಮಿಷನ್ ಕೊಟ್ಟಿದ್ದು. ಇವತ್ತು ನೀವು ಬೆರಳಲ್ಲಿ ಟಿಕ್ ಅನ್ನಿಸೋ ಗೇರಿಗೂ ಒಂದು ನಮಸ್ಕಾರ ಹಾಕ್ಕೊಂಡು ಹೋಗಿ.

ಸೈಕಲ್ಲು, ಸಾಮಾನು

ಕಾರ್ಬನ್ ರೇಸಿಂಗ್ ಬೈಕ್ ಬೇಡ. ದಪ್ಪ ಟೈರಿನ ಹೈಬ್ರಿಡ್ ಸಾಕು, ಒಂದೂರಲ್ಲಿ ತಗೊಂಡು ಇನ್ನೊಂದೂರಲ್ಲಿ ವಾಪಸ್ ಕೊಡೋ ಬಾಡಿಗೆ ಅಂಗಡಿಗಳೂ ಇವೆ. ಬೆನ್ನಿಗೆ ಬ್ಯಾಗ್ ಹಾಕ್ಕೋಬೇಡಿ, ಕ್ಯಾರಿಯರ್ ಎರಡೂ ಕಡೆ ನೇತು ಹಾಕೋ ಪ್ಯಾನಿಯರ್ ತಗೊಳ್ಳಿ, ಆದ್ರೆ ಉಬ್ಬೋ ಹಾಗೆ ತುಂಬಬೇಡಿ. ಕಾರು ಬರದಂಗೆ ಅಡ್ಡ ಹಾಕಿರೋ ಗೇಟುಗಳು ರಸ್ತೆ ದಾಟೋ ಕಡೆ ಎಲ್ಲ ಸಿಗ್ತವೆ, ನಾನು ಅಂಥ ಒಂದರಲ್ಲಿ ಬಲಗಡೆ ಬ್ಯಾಗ್ ಸಿಗಾಕ್ಕೊಂಡು ಮುಂದಕ್ಕೂ ಹೋಗಕ್ಕಾಗ್ದೆ ಹಿಂದಕ್ಕೂ ಬರಕ್ಕಾಗ್ದೆ ನಿಂತಿದ್ದಾಗ ಒಬ್ರು ಅಜ್ಜಿ ನಾಯಿ ಹಿಡ್ಕೊಂಡು ಬಂದು, ಏನೂ ಮಾತಾಡ್ದೆ ಹಿಂದಿನ ಚಕ್ರ ಎತ್ತಿ ಸರಿ ಮಾಡಿ ಬೊಂಜೂರ್ ಅಂದು ಹೋದ್ರು. ಬೆಲ್ಲು, ಲೈಟು ಕಡ್ಡಾಯ, 12 ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯ, ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ತುಳಿದ್ರೆ ದಂಡ. ಇನ್ನೊಂದು ವಿಷಯ, ಮೀನು ಹಿಡಿಯೋರು ಉದ್ದದ ಗಳ ಏರಿ ಮೇಲೆ ಅಡ್ಡ ಮಲಗಿಸಿರ್ತಾರೆ, ದೂರದಿಂದ ಕಾಣಲ್ಲ, ದಡದಲ್ಲಿ ಮಡಚೋ ಕುರ್ಚಿ ಕಂಡ ತಕ್ಷಣ ಬ್ರೇಕ್ ಹಿಡೀರಿ.

ಊಟ ನೀರು, ಇದೇ ನಿಜವಾದ ಪ್ಲ್ಯಾನಿಂಗು

ಕಿಲೋಮೀಟರ್ ನೋಡ್ಕೊಂಡು ಪ್ಲ್ಯಾನ್ ಮಾಡಿದ್ರೆ ಉಪವಾಸ, ಅಂಗಡಿ ಟೈಮ್ ನೋಡ್ಕೊಂಡು ಮಾಡಿ. ಹಳ್ಳೀಲಿ ಮಧ್ಯಾಹ್ನ 12ರಿಂದ 2, ಕೆಲವು ಕಡೆ 3ರ ತನಕ ಬಾಗಿಲು ಹಾಕ್ತಾರೆ, ಭಾನುವಾರ ಮಧ್ಯಾಹ್ನದ ಮೇಲೆ ಊರೇ ನಿದ್ದೆ, ಸೋಮವಾರ ಎಷ್ಟೋ ಬೇಕರಿಗೆ ರಜಾ. ನಾನು ಸೋಮವಾರವೇ ಹೊರಟವನು, ಮೂರು ಹಳ್ಳಿ ದಾಟಿದ್ರೂ ಒಂದು ಬ್ರೆಡ್ ತುಂಡು ಸಿಗಲಿಲ್ಲ, ಕೊನೆಗೆ ಬ್ಯಾಗಲ್ಲಿದ್ದ ತೆಳು ಅವಲಕ್ಕಿಗೆ ಹಿಂದಿನ ದಿನ ತಗೊಂಡಿದ್ದ ಮೊಸರು ಕಲಸಿ, ಅಮ್ಮ ಕಳಿಸಿದ್ದ ಚಟ್ನಿಪುಡಿ ಹಾಕ್ಕೊಂಡು ಲಾಕ್ ಗೇಟಿನ ಕಟ್ಟೆ ಮೇಲೆ ಕೂತು ತಿಂದೆ, ಸತ್ಯವಾಗಿ ಹೇಳ್ತೀನಿ ಆ ಟ್ರಿಪ್ಪಿನ ಬೆಸ್ಟ್ ಊಟ ಅದೇ. ಸಸ್ಯಾಹಾರಿಗಳಿಗೆ ರೆಸ್ಟೋರೆಂಟಲ್ಲಿ ಆಡಿನ ಚೀಸ್ ಹಾಕಿದ ಸಲಾಡು, ಮೊಟ್ಟೆ ತಿನ್ನೋರಾದ್ರೆ ಆಮ್ಲೆಟ್ಟು. ಸಲಾಡ್ ಅಂದ್ರೂ ಹಂದಿ ಮಾಂಸದ ಚೂರು ಇರಬಹುದು, ಕೇಳೇ ತಗೊಳ್ಳಿ.

ನೀರಿಗೆ ಅಲ್ಲಿನ ಸೈಕಲ್ ಜನ ಹೇಳಿಕೊಟ್ಟ ಉಪಾಯ ಒಂದಿದೆ: ಸ್ಮಶಾನ. ಸಮಾಧಿ ಮೇಲಿನ ಹೂಗಿಡಕ್ಕೆ ನೀರು ಹಾಕೋಕೆ ಅಂತ ಗೇಟ್ ಪಕ್ಕ ನಲ್ಲಿ ಇರುತ್ತೆ. ನಮ್ಮ ಕಡೆಯವರಿಗೆ ಮೊದಲು ಒಂಥರಾ ಅನ್ಸುತ್ತೆ, 35 ಡಿಗ್ರೀಲಿ ಬಾಟಲ್ ಖಾಲಿ ಆದ್ಮೇಲೆ ಏನೂ ಅನ್ಸಲ್ಲ. 'ನೋನ್ ಪೊತಾಬ್ಲ್' ಅಂತ ಬರೆದಿದ್ರೆ ಮಾತ್ರ ಕುಡೀಬೇಡಿ.

ಉಳಿಯೋಕೆ 'ಆಕೈ ವೆಲೋ' ಅನ್ನೋ ಬೋರ್ಡ್ ಹುಡುಕಿ, ರೂಟಿಂದ 5 ಕಿ.ಮೀ. ಒಳಗಿರೋ ಜಾಗಗಳಿಗೆ ಮಾತ್ರ ಅದನ್ನ ಕೊಡೋದು, ಸೈಕಲ್ ಬೀಗ ಹಾಕಿಡೋಕೆ ಜಾಗ, ರಿಪೇರಿ ಸಾಮಾನು ಇರುತ್ತೆ. ಟೆಂಟ್ ಇದ್ರೆ ಪಂಚಾಯ್ತಿಯವರೇ ನಡೆಸೋ ಕ್ಯಾಂಪಿಂಗ್ ಜಾಗಗಳು ಅಗ್ಗ.

ವಾಪಸ್ ಬರೋದು

ಟಿಇಆರ್ ಅನ್ನೋ ಲೋಕಲ್ ರೈಲಲ್ಲಿ ಸೈಕಲ್ ಹಾಗೇ ಹತ್ತಿಸಬಹುದು, ಜಾಗ ಕಮ್ಮಿ, ಬೇಸಿಗೇಲಿ ಕೆಲವು ಕಡೆ ಬುಕ್ ಮಾಡ್ಲೇಬೇಕು, ಹೊರಡೋ ಮುಂಚೆ ನೋಡ್ಕೊಳ್ಳಿ. ದೂರದ ರೈಲಲ್ಲಿ ಸೈಕಲ್ಲಿಗೂ ಸೀಟ್ ಥರ ಟಿಕೆಟ್ ಬೇಕು, ಸೈಕಲ್ ಜಾಗ ಎಲ್ಲ ರೈಲಲ್ಲೂ ಇರಲ್ಲ. ಬೋರ್ಡೋ ಊರೊಳಗೆ ಖಾಸಗಿ ಕಾರು ಬಿಡದ ಹಳೇ ಕಲ್ಲಿನ ಸೇತುವೆ ಮೇಲೆ ಹೋಗಿ ಸ್ಟೇಷನ್ ಸೇರ್ಕೊಳ್ಳಿ. ಟುಲೂಸ್‌ಗೆ ಎರಡು ಗಂಟೆ ಚಿಲ್ಲರೆ, ಕಿಟಕಿ ಸೀಟ್ ಹಿಡೀರಿ, ಅಜೆನ್ ಆದ್ಮೇಲೆ ನಾಲೆ ಪಕ್ಕದಲ್ಲೇ ಬರ್ತಿರುತ್ತೆ, ಅಲ್ಲೇ ತಾನೇ ನಾವು ಅವಲಕ್ಕಿ ತಿಂದಿದ್ದು ಅಂತ ತೋರಿಸೋದ್ರೊಳಗೆ ದಾಟಿ ಹೋಗಿರುತ್ತೆ.