ನಕ್ಸಲ್ ಹಿಂಸೆಯ ಲೆಕ್ಕ ಓದುವ ಬಗೆ, ತಗ್ಗಿಸುವ ಬಗೆ

ಹಿಂಸೆ ಇಳಿದಿದೆ ಎಂದು ಹೇಳುವ ಮುನ್ನ ಯಾರ ಸಾವುಗಳು ಲೆಕ್ಕಕ್ಕೆ ಸೇರಿವೆ ಎಂಬುದನ್ನು ನೋಡಬೇಕು. ಕೇಂದ್ರ ಗೃಹ ಸಚಿವಾಲಯದ ಅಂಕಿಅಂಶಗಳ ಪ್ರಕಾರ ಎಡಪಂಥೀಯ ಉಗ್ರವಾದಕ್ಕೆ, ಅಂದರೆ ನಕ್ಸಲ್ ಅಥವಾ ಮಾವೋವಾದಿ ಹಿಂಸೆಗೆ, 2010ರಲ್ಲಿ 1,005 ನಾಗರಿಕರು ಮತ್ತು ಭದ್ರತಾ ಸಿಬ್ಬಂದಿ ಬಲಿಯಾಗಿದ್ದರು. 2024ರಲ್ಲಿ ಆ ಸಂಖ್ಯೆ 150. ಆದರೆ ಅದೇ ವರ್ಷ ಭದ್ರತಾ ಪಡೆಗಳ ಕಾರ್ಯಾಚರಣೆಯಲ್ಲಿ ಸತ್ತ 290 ಮಾವೋವಾದಿಗಳು ಇದರಲ್ಲಿ ಸೇರಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ, ಉಗ್ರರ ದಾಳಿ ಕುಗ್ಗಿದೆ, ಗುಂಡಿನ ಸದ್ದು ಮಾತ್ರ ನಿಂತಿಲ್ಲ ಎಂಬುದು ತಿಳಿಯುತ್ತದೆ. ಬಾಧಿತ ಜಿಲ್ಲೆಗಳು 2024ರ ವೇಳೆಗೆ 126ರಿಂದ 38ಕ್ಕೆ ಇಳಿದಿದ್ದವು ಎಂಬ ಮಾತನ್ನು ಸ್ವಲ್ಪ ಎಚ್ಚರದಿಂದ ಬಳಸಬೇಕು, ಏಕೆಂದರೆ ಅದು ಸರ್ಕಾರವೇ ಆಗಾಗ ಪರಿಷ್ಕರಿಸುವ ಪಟ್ಟಿ.

ಕ್ರಮದ ಮಾತಿಗೆ ಬಂದರೆ, ಮೊದಲು ಬೇಕಾದದ್ದು ಸ್ಥಳೀಯ ಕಾಡನ್ನೂ ಭಾಷೆಯನ್ನೂ ಬಲ್ಲ ರಾಜ್ಯ ಪೊಲೀಸ್ ಪಡೆ. ಆಂಧ್ರಪ್ರದೇಶ 1989ರಲ್ಲಿ ಗ್ರೇಹೌಂಡ್ಸ್ ಎಂಬ ವಿಶೇಷ ಪೊಲೀಸ್ ಪಡೆಯನ್ನು ಕಟ್ಟಿದ್ದು ಈ ಉದ್ದೇಶಕ್ಕೆ. ಕೇಂದ್ರ ಪಡೆಯೊಂದನ್ನೇ ನಂಬಿದರೆ ಏನಾಗಬಹುದೆಂಬುದಕ್ಕೆ 76 ಸಿಬ್ಬಂದಿ ಹತರಾದ 2010ರ ದಂತೇವಾಡ ದಾಳಿ ಸಾಕ್ಷಿ. ಹಾಗೆಂದು ಹಳ್ಳಿಗರ ಕೈಗೇ ಬಂದೂಕು ಕೊಡಬಾರದು: ಛತ್ತೀಸಗಢದ ಸಲ್ವಾ ಜುಡುಂ ಪ್ರಯೋಗ ಆದಿವಾಸಿಗಳನ್ನು ಒಬ್ಬರ ವಿರುದ್ಧ ಇನ್ನೊಬ್ಬರನ್ನು ಎತ್ತಿಕಟ್ಟಿತು, 2011ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆಹಾಕಬೇಕಾಯಿತು.

ಪೊಲೀಸ್ ಒತ್ತಡ ಹೆಚ್ಚಿದಾಗಲೇ ಹೊರಬರುವ ದಾರಿಯನ್ನೂ ತೆರೆದಿಡಬೇಕು. ಒಂದು ಮುಗಿದ ಮೇಲೆ ಇನ್ನೊಂದು ಎಂದು ಕಾಯುತ್ತ ಕೂರಬಾರದು. ನಮ್ಮ ಮಲೆನಾಡೇ ಇದಕ್ಕೆ ಉದಾಹರಣೆ. 2024ರ ನವೆಂಬರ್‌ನಲ್ಲಿ ಹೆಬ್ರಿ ತಾಲ್ಲೂಕಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ನಕ್ಸಲ್ ನಿಗ್ರಹ ಪಡೆಯ ಗುಂಡಿಗೆ ಬಲಿಯಾದರು. ಎರಡು ತಿಂಗಳೊಳಗೆ, 2025ರ ಜನವರಿ 8ರಂದು, ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಶರಣಾದರು. ಗುಂಡಿನ ಭಯವೊಂದರಿಂದಲೇ ಹೀಗಾಯಿತು ಎನ್ನಲಾಗದು. 2014ರಲ್ಲಿ ನಕ್ಸಲ್ ನಾಯಕರಾಗಿದ್ದ ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಹೊರಬಂದಾಗ ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ ಅಂಥವರು ಮಧ್ಯೆ ನಿಂತಿದ್ದರು. ಕಾಡಿನಲ್ಲಿರುವವರು ಸರ್ಕಾರದ ಆದೇಶಕ್ಕಿಂತ ಇಂಥ ಹಿರಿಯರ ಮಾತನ್ನು ಬೇಗ ನಂಬುತ್ತಾರೆ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಶರಣಾಗತಿ ಸಮಿತಿಯಲ್ಲಿ ಅಧಿಕಾರಿಗಳಲ್ಲದವರಿಗೂ ಸ್ಥಾನವಿರಬೇಕು.

ಇನ್ನು ಮೂಲ ಕಾರಣ. ಕುದುರೆಮುಖ ರಾಷ್ಟ್ರೀಯ ಉದ್ಯಾನದಿಂದ ಎತ್ತಂಗಡಿಯಾಗುವ ಭೀತಿ ಹುಟ್ಟಿರದಿದ್ದರೆ ಅಲ್ಲಿನ ಮಲೆಕುಡಿಯ ಆದಿವಾಸಿಗಳ ಹಾಡಿಗಳಲ್ಲಿ ನಕ್ಸಲರ ಮಾತಿಗೆ ಅಷ್ಟು ಕಿವಿಗಳು ಸಿಗುತ್ತಿರಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಬಂದ ಅರ್ಜಿಗಳನ್ನು ಗ್ರಾಮಸಭೆಯ ಮಟ್ಟದಲ್ಲೇ ಕೂತು ಪರಿಶೀಲಿಸಬೇಕು. ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 75 ವರ್ಷಗಳ ವಾಸದ ಸಾಕ್ಷ್ಯ ಒದಗಿಸಬೇಕೆಂಬ ಷರತ್ತಿನಲ್ಲಿ ದಾಖಲೆ ಸಿಗದೆ ಸೋಲುವವರಿಗೆ ಹಿರಿಯರ ಹೇಳಿಕೆಯೂ ಪುರಾವೆಯಾಗಬಲ್ಲದೆಂದು ನಿಯಮವೇ ಹೇಳುತ್ತದೆ, ಅದನ್ನು ಅವರಿಗೆ ತಿಳಿಸಬೇಕು. ಶರಣಾದವರ ಮೇಲೆ ನೆರೆ ರಾಜ್ಯಗಳಲ್ಲಿ ಇರುವ ಮೊಕದ್ದಮೆಗಳ ಪಟ್ಟಿಯನ್ನು ಮೊದಲ ವಾರವೇ ತರಿಸಿಕೊಂಡು, ವಕೀಲರನ್ನು ಗೊತ್ತುಮಾಡಿಕೊಡಬೇಕು.