ಮಾದರಿ ವಿಮಾನಕ್ಕೆ ಗುರುತು, ಅಕ್ಷರ ಅಂಟಿಸುವುದು ಹೇಗೆ?

ಬಾಲ್ಸಾ ಕಟ್ಟಿಗೆಯನ್ನು ಅಳತೆ ತಪ್ಪದಂತೆ ಕೊರೆದು, ರೆಕ್ಕೆಗೆ ತೆಳು ಪ್ಲಾಸ್ಟಿಕ್ ಫಿಲ್ಮ್ ಹೊದಿಸಿ, ಮೋಟಾರು ಕೂರಿಸಿ ವಾರಗಟ್ಟಲೆ ದುಡಿದವರು ಕೊನೆಯ ಒಂದು ಸಂಜೆಯ ಅವಸರದಲ್ಲಿ ಇಡೀ ವಿಮಾನದ ಅಂದ ಕೆಡಿಸಿಕೊಳ್ಳುವುದನ್ನು ಬೆಳಗಾವಿಯ ಹವ್ಯಾಸಿಗಳ ನಡುವೆ ಮತ್ತೆ ಮತ್ತೆ ನೋಡುತ್ತೇನೆ. ಅಕ್ಷರಗಳ ಕೆಳಗೆ ಗುಳ್ಳೆ ಎದ್ದಿರುತ್ತದೆ, ವಾಯುಪಡೆಯ ವೃತ್ತಗಳು ಒಂದರೊಳಗೊಂದು ಸರಿಯಾಗಿ ಕೂತಿರುವುದಿಲ್ಲ, ಎರಡು ಸಲ ಹಾರಿಸುವಷ್ಟರಲ್ಲಿ ಪಟ್ಟಿಗಳ ಅಂಚು ಮೇಲೇಳುತ್ತದೆ. ಇವುಗಳಲ್ಲಿ ಹೆಚ್ಚಿನ ತೊಂದರೆಗಳ ಮೂಲ ಎರಡೇ: ಸ್ಟಿಕರನ್ನು ವಿಮಾನದ ಮೇಲಿಟ್ಟು ಕತ್ತರಿಸುವುದು ಮತ್ತು ದೊಡ್ಡ ಸ್ಟಿಕರನ್ನು ಒಣಗೈಯಲ್ಲಿ ನೇರವಾಗಿ ಒತ್ತಿಬಿಡುವುದು.

ಮೊದಲು ವಿನ್ಯಾಸ

ಗುರುತುಗಳು ಬರೀ ಅಲಂಕಾರವಲ್ಲ. ನೂರು ಮೀಟರು ದೂರ ಹೋದ ವಿಮಾನದ ಹೊಟ್ಟೆ ಕಾಣುತ್ತಿದೆಯೋ ಬೆನ್ನು ಕಾಣುತ್ತಿದೆಯೋ ಎಂಬುದನ್ನು ಹಾರಿಸುವವನು ಬಣ್ಣದಿಂದಲೇ ತಿಳಿಯಬೇಕು. ಆದ್ದರಿಂದ ರೆಕ್ಕೆಯ ಮೇಲ್ಭಾಗಕ್ಕೂ ಕೆಳಭಾಗಕ್ಕೂ ಒಂದೇ ವಿನ್ಯಾಸ ಬೇಡ. ಕೆಳಗೆ ಅಗಲವಾದ ಕಪ್ಪು-ಬಿಳಿ ಪಟ್ಟಿ ಅಥವಾ ದೊಡ್ಡ ಚೌಕಳಿ ಇರಲಿ, ಮೇಲೆ ಬೇರೆ ಬಣ್ಣವಿರಲಿ. ಚೌಕಳಿಯ ಮನೆಗಳು ಸಣ್ಣದಾದರೆ ದೂರದಿಂದ ಎಲ್ಲವೂ ಬೂದಿ ಬಣ್ಣವಾಗಿ ಕಾಣುತ್ತವೆ.

ಭಾರತದ ನಾಗರಿಕ ವಿಮಾನಗಳ ನೋಂದಣಿ ‘ವಿಟಿ’ ಎಂಬ ಎರಡು ಅಕ್ಷರಗಳಿಂದ ಆರಂಭವಾಗಿ, ಅಡ್ಡಗೆರೆಯ ನಂತರ ಮೂರು ಅಕ್ಷರಗಳನ್ನು ಹೊಂದಿರುತ್ತದೆ. ಆದರೆ ಸಾಂಬ್ರಾದ ವಾಯುಪಡೆ ತರಬೇತಿ ನೆಲೆಯ ಪಕ್ಕದಲ್ಲೇ ಬೆಳೆದ ಈ ಊರಿನವರಿಗೆ ವಾಯುಪಡೆಯ ವೃತ್ತದ ಮೇಲೆಯೇ ಹೆಚ್ಚು ಪ್ರೀತಿ. ಹಸಿರು ಹೊರಗೆ, ಬಿಳಿ ನಡುವೆ, ಕೇಸರಿ ಒಳಗೆ. ಈ ಕ್ರಮವನ್ನು ಹಿಂದುಮುಂದು ಮಾಡಿದ ಮಾದರಿಗಳೂ ಕಣ್ಣಿಗೆ ಬೀಳುತ್ತವೆ, ಅದು ಒಪ್ಪತಕ್ಕದ್ದಲ್ಲ. ಕಿರಣ್, ಮಾರುತ್, ತೇಜಸ್ ಮುಂತಾದ ನಿಜವಾದ ವಿಮಾನದ ಮಾದರಿ ಕಟ್ಟುವವರು ಅದೇ ವಿಮಾನದ ಎಡಬದಿ, ಬಲಬದಿ ಮತ್ತು ಕೆಳಬದಿಯ ಚಿತ್ರಗಳನ್ನು ಬೇರೆಬೇರೆಯಾಗಿ ಮುಂದಿಟ್ಟುಕೊಂಡೇ ಕೆಲಸ ಶುರು ಮಾಡಬೇಕು. ಬಾಲದ ಮೇಲಿನ ತ್ರಿವರ್ಣ ಪಟ್ಟಿಯಲ್ಲಿ ಯಾವ ಬಣ್ಣ ಮೂತಿಯ ಕಡೆಗಿದೆ ಎಂಬುದನ್ನು ಎರಡೂ ಬದಿಯ ಚಿತ್ರ ನೋಡಿಯೇ ಖಾತ್ರಿ ಮಾಡಿಕೊಳ್ಳಬೇಕು.

ಸಾಮಾನು ಕೊಳ್ಳುವಾಗ

ನಮ್ಮಲ್ಲಿ ವಾಹನಗಳಿಗೆ ನಂಬರು, ಹೆಸರು ಕತ್ತರಿಸಿ ಅಂಟಿಸುವ ರೇಡಿಯಂ ಅಂಗಡಿಗಳು ಪ್ರತಿ ಗ್ಯಾರೇಜ್ ಓಣಿಯಲ್ಲೂ ಇವೆ. ಮಾದರಿ ವಿಮಾನಕ್ಕೆ ಬೇಕಾದ ಸ್ಟಿಕರ್ ಹಾಳೆ ಅಲ್ಲಿಯೇ ಸಿಗುತ್ತದೆ. ಆದರೆ ‘ರೇಡಿಯಂ ಕೊಡಿ’ ಎಂದು ಕೇಳಿದರೆ ರಾತ್ರಿ ಬೆಳಕಿಗೆ ಹೊಳೆಯುವ ದಪ್ಪ ಹಾಳೆಯನ್ನೇ ಕೊಡುತ್ತಾರೆ. ಅದು ಭಾರ, ಬಿರುಸು, ರೆಕ್ಕೆಯ ಬಾಗಿಗೆ ಕೂರುವುದಿಲ್ಲ. ಸಾದಾ ವಿನೈಲ್ ಎಂದು ಕೇಳಿ, ಬೆರಳ ತುದಿಯಲ್ಲಿ ಹಿಡಿದು ತೆಳುವಾಗಿದೆಯೇ ಎಂದು ನೋಡಿ ಕೊಳ್ಳಬೇಕು.

ವಿನೈಲಿನಲ್ಲಿ ಎರಡು ಬಗೆ. ಉರುಳೆಗಳ ನಡುವೆ ಒತ್ತಿ ಎಳೆದು ತಯಾರಿಸಿದ ಕ್ಯಾಲೆಂಡರ್ಡ್ ವಿನೈಲ್ ಅಗ್ಗ, ಎಲ್ಲ ಕಡೆ ಸಿಗುತ್ತದೆ. ಆದರೆ ತಯಾರಿಕೆಯಲ್ಲಿ ಎಳೆತಕ್ಕೆ ಸಿಕ್ಕ ಈ ಹಾಳೆ ಬಿಸಿಲಿಗೆ ನಿಧಾನವಾಗಿ ಹಿಂದಕ್ಕೆ ಕುಗ್ಗುವುದರಿಂದ ಅಂಚಿನ ಸುತ್ತ ಅಂಟಿನ ಗೆರೆ ಉಳಿದು, ಅದರ ಮೇಲೆ ದೂಳು ಕೂರುತ್ತದೆ. ದ್ರವರೂಪದಲ್ಲಿ ಹರಡಿ ಒಣಗಿಸಿ ಮಾಡಿದ ಕ್ಯಾಸ್ಟ್ ವಿನೈಲ್ ಸುಮಾರು 50 ಮೈಕ್ರಾನ್ ದಪ್ಪವಿದ್ದು ಎತ್ತ ಬಾಗಿಸಿದರೂ ಬಾಗುತ್ತದೆ, ಬೆಲೆ ಮಾತ್ರ ಹೆಚ್ಚು. ಸಪಾಟು ಜಾಗದ ಅಕ್ಷರಗಳಿಗೆ ಅಗ್ಗದ್ದು ಸಾಕು. ರೆಕ್ಕೆಯ ತುದಿ, ಮೂತಿಯ ಮುಚ್ಚಳಗಳಂಥ ಎರಡೂ ದಿಕ್ಕಿಗೆ ಬಾಗಿದ ಜಾಗಗಳಿಗೆ ಕ್ಯಾಸ್ಟ್ ಬಿಟ್ಟರೆ ಬೇರೆಯದನ್ನು ಮುಟ್ಟಬೇಡಿ. ಕಾರ್ಬನ್ ಫೈಬರಿನ ನೇಯ್ಗೆಯಂತೆ ಉಬ್ಬುತಗ್ಗು ಇರುವ ಹಾಳೆ, ಕನ್ನಡಿಯಂತೆ ಹೊಳೆಯುವ ಕ್ರೋಮ್ ಹಾಳೆ, ಶಾಲಾ ಕರಕುಶಲದ ಗೋಂದು ಕಾಗದ, ಈ ಮೂರನ್ನೂ ವಿಮಾನದಿಂದ ದೂರ ಇಡುವುದೇ ಒಳ್ಳೆಯದು. ಗೋಂದು ಕಾಗದದ ಅಂಟು ವಿಜಯಪುರದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನವೂ ತಾಳುವುದಿಲ್ಲ.

ವಿನೈಲಿನ ಭಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಾಮಾನ್ಯ ವಿನೈಲ್ ಅಂಟು ಸೇರಿ ಚದರ ಮೀಟರಿಗೆ ನೂರು ಗ್ರಾಂ ಮೀರುತ್ತದೆ. ರೆಕ್ಕೆಯ ಮೇಲೆ ಇದು ದೊಡ್ಡದಲ್ಲ, ಆದರೆ ಬಾಲದ ಮೇಲೆ ಅಂಟಿಸಿದ ಪ್ರತಿ ಗ್ರಾಮಿಗೂ ಸಮತೋಲಕ್ಕಾಗಿ ಮೂತಿಯಲ್ಲಿ ಅದಕ್ಕಿಂತ ಹೆಚ್ಚು ತೂಕ ಸೇರಿಸಬೇಕಾಗುತ್ತದೆ, ಏಕೆಂದರೆ ಗುರುತ್ವ ಕೇಂದ್ರದಿಂದ ಬಾಲ ದೂರ, ಮೂತಿ ಹತ್ತಿರ.

ಕತ್ತರಿಸುವುದು

ಅಲಗನ್ನು ವಿಮಾನದ ಮೇಲೆ ಎಂದಿಗೂ ಇಡಬಾರದು. ಎಷ್ಟೇ ಹಗುರ ಕೈಯಿದ್ದರೂ ಕೆಳಗಿನ ಫಿಲ್ಮಿಗೆ ಗೆರೆ ಬೀಳುತ್ತದೆ. ಬಿಗಿಯಾಗಿ ಎಳೆದು ಕೂರಿಸಿದ ಫಿಲ್ಮ್ ಆ ಗೆರೆಯಿಂದಲೇ ಮುಂದೆ ಬಿರಿಯುತ್ತದೆ. ಬಾಲ್ಸಾ ಹಾಳೆಯ ಮೇಲೆ ಬಿದ್ದ ಗೆರೆ ಇನ್ನೂ ಕೆಟ್ಟದ್ದು, ರೆಕ್ಕೆ ಭಾರ ಹೊರುವಾಗ ಅಲ್ಲಿಯೇ ಮುರಿಯಬಹುದು. ದಪ್ಪ ಗಾಜಿನ ತುಂಡೊಂದನ್ನು ಅಂಚು ಉಜ್ಜಿಸಿ ಇಟ್ಟುಕೊಳ್ಳಿ. ಅದರ ಮೇಲೆ ಉಕ್ಕಿನ ಪಟ್ಟಿ ಇಟ್ಟು, ಹೊಸ ಅಲಗಿನಿಂದ ಒಂದೇ ಎಳೆತಕ್ಕೆ ಕತ್ತರಿಸಬೇಕು. ಗಾಜು ಅಲಗನ್ನು ಬೇಗ ಮೊಂಡು ಮಾಡುತ್ತದೆ ಎಂಬುದು ನಿಜ, ಆದರೂ ಅಂಚು ಅಷ್ಟು ಸ್ವಚ್ಛವಾಗಿ ಬೇರಾವುದರ ಮೇಲೂ ಬರುವುದಿಲ್ಲ. ಅಲಗಿನ ತುದಿಯನ್ನು ಮತ್ತೆ ಮತ್ತೆ ಮುರಿದು ಹೊಸದು ಮಾಡಿಕೊಳ್ಳಿ, ಅದರಲ್ಲಿ ಉಳಿತಾಯ ಬೇಡ. ಚೂಪಾದ ಮೂಲೆಗಳನ್ನು ಒಂದಿಷ್ಟು ದುಂಡಗೆ ಮಾಡಿದರೆ ಗಾಳಿಗೆ ಮೇಲೇಳುವುದಿಲ್ಲ.

ವೃತ್ತಕ್ಕೆ ಅಲಗು ಕೂರಿಸುವ ಕೈವಾರ ಬೇಕು. ಕೈವಾರದ ಮುಳ್ಳು ಮಧ್ಯದಲ್ಲಿ ತೂತು ಮಾಡದಂತೆ ಅಲ್ಲಿ ಮಾಸ್ಕಿಂಗ್ ಟೇಪನ್ನು ಮೂರ್ನಾಲ್ಕು ಪದರ ಅಂಟಿಸಿ, ಅದರ ಮೇಲೆ ಕೇಂದ್ರ ಗುರುತಿಸಿ, ಕೈವಾರವನ್ನು ನಿಲ್ಲಿಸಿ ಹಾಳೆಯನ್ನೇ ನಿಧಾನವಾಗಿ ತಿರುಗಿಸಿದರೆ ಸುತ್ತು ಸರಿಯಾಗಿ ಮುಗಿಯುತ್ತದೆ. ವಾಯುಪಡೆಯ ವೃತ್ತಕ್ಕೆ ಮೂರು ತಟ್ಟೆಗಳನ್ನು ಒಂದರ ಮೇಲೊಂದು ಅಂಟಿಸುವುದು ಸುಲಭದ ದಾರಿಯಾದರೂ ಅಗ್ಗದ ಬಿಳಿ ವಿನೈಲಿನ ಕೆಳಗಿನಿಂದ ಹಸಿರು ಇಣುಕುತ್ತದೆ. ಹಸಿರನ್ನು ಬಳೆಯಂತೆ ಕತ್ತರಿಸಿ, ಬಿಳಿ ತಟ್ಟೆ ಅದರ ಮೇಲೆ ಎರಡು-ಮೂರು ಮಿಲಿಮೀಟರಿನಷ್ಟು ಮಾತ್ರ ಹಾಯುವಂತೆ ಮಾಡಿಕೊಳ್ಳಿ. ಕೇಸರಿಯನ್ನು ಇಡೀ ಬಿಳಿಯ ಮೇಲೆಯೇ ಕೂರಿಸಬಹುದು, ಬಣ್ಣ ಇನ್ನಷ್ಟು ಎದ್ದು ಕಾಣುತ್ತದೆ.

ಅಕ್ಷರಗಳನ್ನು ಕೈಯಲ್ಲಿ ಕತ್ತರಿಸುವ ಹಟ ಬೇಡ. ರೇಡಿಯಂ ಅಂಗಡಿಯ ಪ್ಲಾಟರ್ ಯಂತ್ರದಲ್ಲಿ ಕತ್ತರಿಸಿಕೊಂಡು, ಬೇಡದ ಭಾಗವನ್ನು ಮನೆಯಲ್ಲಿ ನೀವೇ ಬಿಡಿಸಿ.

ಅಂಟಿಸುವುದು: ನೀರೇ ಆಧಾರ

ಕೆಲಸ ಕೆಡುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ಓದಿ. ಒಣ ವಿನೈಲ್ ಮುಟ್ಟಿದ ಕ್ಷಣವೇ ಹಿಡಿಯುತ್ತದೆ. ಮತ್ತೆ ಎತ್ತಲು ಹೋದರೆ ಅದು ಹಿಗ್ಗುತ್ತದೆ, ಇಲ್ಲವೇ ಕೆಳಗಿನ ಫಿಲ್ಮನ್ನೇ ಕಿತ್ತುಕೊಂಡು ಬರುತ್ತದೆ. ನಡುವೆ ಸಾಬೂನು ನೀರಿನ ತೆಳು ಪದರ ಇದ್ದರೆ ಸ್ಟಿಕರ್ ತೇಲುತ್ತದೆ, ಬೆರಳಿನಿಂದ ಸರಿಸಿ ಸರಿಯಾದ ಜಾಗಕ್ಕೆ ತರಲು ಸಮಯ ಸಿಗುತ್ತದೆ, ಆಮೇಲೆ ನೀರನ್ನು ಹೊರಗೆ ತಳ್ಳಿದಾಗ ಅಂಟು ತನ್ನ ಕೆಲಸ ಮಾಡುತ್ತದೆ.

ಒಂದು ಸ್ಪ್ರೇ ಬಾಟಲಿ ನೀರಿಗೆ ಪಾತ್ರೆ ತೊಳೆಯುವ ದ್ರವದ ನಾಲ್ಕೈದು ಹನಿ ಸಾಕು. ಸಾಬೂನು ಹೆಚ್ಚಾದರೆ ಅದು ಅಂಟಿನ ಜೊತೆಯೇ ಉಳಿದು ಹಿಡಿತ ಸಡಿಲವಾಗುತ್ತದೆ. ರೆಕ್ಕೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಕೈಯ ಎಣ್ಣೆಯನ್ನು ತೆಗೆಯಿರಿ. ಥರ್ಮಕೋಲು, ಫೋಮಿನ ವಿಮಾನವಾದರೆ ಪೆಟ್ರೋಲ್, ಥಿನ್ನರ್ ಹತ್ತಿರ ತರಲೇಬೇಡಿ, ಫೋಮ್ ಕರಗುತ್ತದೆ. ಗುರುತು ಎಲ್ಲಿ ಕೂರಬೇಕು ಎಂಬುದನ್ನು ಮಾಸ್ಕಿಂಗ್ ಟೇಪಿನ ತುಂಡುಗಳಿಂದ ನಾಲ್ಕೂ ಕಡೆ ಗುರುತಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ. ಅಕ್ಷರಗಳ ಸಾಲು ರೆಕ್ಕೆಯ ಯಾವ ಅಂಚಿಗೆ ಸಮಾನಾಂತರವಾಗಿರಬೇಕು ಎಂಬುದನ್ನು ಈಗಲೇ ತೀರ್ಮಾನಿಸಿ.

ಅಕ್ಷರಗಳ ಮೇಲೆ, ಅವುಗಳನ್ನು ಸಾಲು ಕೆಡದಂತೆ ಒಟ್ಟಿಗೆ ಎತ್ತಿ ಒಯ್ಯುವ ಟ್ರಾನ್ಸ್‌ಫರ್ ಟೇಪ್ ಒತ್ತಿ, ಬೆರಳುಗಳನ್ನು ಮೊದಲು ಸಾಬೂನು ನೀರಿನಲ್ಲಿ ಒದ್ದೆ ಮಾಡಿಕೊಂಡು, ಹಿಂಬದಿಯ ಕಾಗದವನ್ನು ಸ್ಟಿಕರಿನಿಂದ ಬಿಡಿಸಿ. ಸ್ಟಿಕರನ್ನು ಕಾಗದದಿಂದ ಎಳೆಯಬೇಡಿ. ಸ್ಟಿಕರ್ ಮೇಜಿನ ಮೇಲೆ ಬೋರಲಾಗಿರಲಿ, ಕಾಗದ ಮಡಚಿಕೊಂಡು ಹಿಂದಕ್ಕೆ ಬರಲಿ. ಅಂಟಿನ ಮೈಗೂ ರೆಕ್ಕೆಗೂ ಎರಡಕ್ಕೂ ಧಾರಾಳವಾಗಿ ನೀರು ಸಿಂಪಡಿಸಿ. ಎರಡು ತುದಿ ಹಿಡಿದು ನಡುಭಾಗ ಮೊದಲು ತಾಗುವಂತೆ ಇಳಿಸಿ, ಆಮೇಲೆ ತುದಿಗಳನ್ನು ಬಿಡಿ. ಟೇಪಿನ ಗುರುತುಗಳಿಗೆ ಸರಿಹೊಂದುವವರೆಗೆ ಸರಿಸುತ್ತಾ ಇರಿ.

ಜಾಗ ಸರಿಯಾದ ಮೇಲೆ ಹಳೆಯ ಪ್ಲಾಸ್ಟಿಕ್ ಕಾರ್ಡಿಗೆ ಮೆತ್ತನೆಯ ಬನಿಯನ್ ಬಟ್ಟೆ ಸುತ್ತಿ, ನಡುವಿನಿಂದ ಹೊರಕ್ಕೆ ನೀರನ್ನು ತಳ್ಳಬೇಕು. ಮೊದಲ ಸುತ್ತು ತೀರಾ ಹಗುರ, ಸ್ಟಿಕರ್ ಜಾಗ ಬಿಟ್ಟು ಸರಿಯದಷ್ಟು ಮಾತ್ರ. ಎರಡನೆಯ ಸುತ್ತಿಗೆ ಒತ್ತಡ ಹೆಚ್ಚಿಸಿ. ಇಲ್ಲಿ ಕಟ್ಟಿಗೆಯ ರೆಕ್ಕೆಗೆ ಒಂದು ವಿಶೇಷ ಎಚ್ಚರಿಕೆ: ರೆಕ್ಕೆಯ ಆಕಾರ ಹಿಡಿದಿಡುವ ಕಟ್ಟಿಗೆಯ ಪಟ್ಟಿಗಳೇ ಪಕ್ಕೆಲುಬುಗಳು, ಅಂಥ ಎರಡರ ನಡುವೆ ಫಿಲ್ಮಿನ ಕೆಳಗೆ ಏನೂ ಆಸರೆ ಇರುವುದಿಲ್ಲ. ಅಲ್ಲಿ ಕಾರ್ಡನ್ನು ಒತ್ತಿದರೆ ಫಿಲ್ಮ್ ತಗ್ಗಾಗಿ ಬಿಗಿ ಕಳೆದುಕೊಳ್ಳುತ್ತದೆ, ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಪಕ್ಕೆಲುಬಿನ ಮೇಲೆ ಮಾತ್ರ ಕಾರ್ಡ್ ಬಳಸಿ, ನಡುವಿನ ಜಾಗದಲ್ಲಿ ಒದ್ದೆ ಸ್ಪಂಜಿನಿಂದ ಪಕ್ಕೆಲುಬಿನ ದಿಕ್ಕಿನಲ್ಲಿಯೇ ಸವರುತ್ತಾ ನೀರನ್ನು ಹಿಂದಿನ ಅಂಚಿಗೆ ಒಯ್ಯಿರಿ. ಹೊರಬಂದ ನೀರನ್ನು ಆಗಲೇ ಬಟ್ಟೆಯಲ್ಲಿ ಹೀರಿಸಬೇಕು, ಇಲ್ಲದಿದ್ದರೆ ಅದು ಪುನಃ ಒಳಗೆ ಸೇರುತ್ತದೆ.

ಇನ್ನು ಕಾಯುವುದು. ಬೇಸಿಗೆಯಲ್ಲಿ ಬಾಗಲಕೋಟೆ, ವಿಜಯಪುರದ ಒಣ ಹವೆಗೆ ಕೆಲವು ಗಂಟೆಗಳೇ ಸಾಕಾಗಬಹುದು. ಬೆಳಗಾವಿಯ ಜುಲೈ ತಿಂಗಳ ಜಡಿಮಳೆಯಲ್ಲಿ ಒಂದು ಇಡೀ ರಾತ್ರಿ ಕಳೆದರೂ ಅಂಚು ತೇವವಾಗಿಯೇ ಇರುತ್ತದೆ, ಫ್ಯಾನಿನ ಕೆಳಗೆ ಎರಡು ದಿನ ಬಿಡಿ. ಟ್ರಾನ್ಸ್‌ಫರ್ ಟೇಪನ್ನು ನೇರ ಮೇಲಕ್ಕೆ ಎತ್ತದೆ, ತನ್ನ ಮೇಲೆಯೇ ಪೂರ್ತಿ ಹಿಂದಕ್ಕೆ ಮಡಚಿ ರೆಕ್ಕೆಗೆ ತಾಗಿಕೊಂಡಂತೆ ಎಳೆಯಿರಿ. ಯಾವುದಾದರೂ ಅಕ್ಷರ ಟೇಪಿನ ಜೊತೆ ಏಳತೊಡಗಿದರೆ ಅಲ್ಲಿಗೇ ನಿಲ್ಲಿಸಿ, ಒತ್ತಿ, ಇನ್ನೂ ಕೆಲ ಹೊತ್ತು ಕಾಯಿರಿ.

ಉಳಿದ ಸಣ್ಣ ನೀರಗುಳ್ಳೆಗಳು ಕೆಲವು ದಿನಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಇಳಿಯದ ಗಾಳಿಗುಳ್ಳೆಯ ಅಂಚಿನಲ್ಲಿ ಸಣ್ಣ ಸೂಜಿಯನ್ನು ಓರೆಯಾಗಿ ಚುಚ್ಚಿ, ಎದುರು ಬದಿಯಿಂದ ಆ ರಂಧ್ರದ ಕಡೆಗೆ ಒತ್ತಿ ಗಾಳಿ ಹೊರಡಿಸಿ. ಇಸ್ತ್ರಿಪೆಟ್ಟಿಗೆ ಮಾತ್ರ ಬೇಡ, ವಿನೈಲ್ ಸುಕ್ಕುಗಟ್ಟಿ ಕುಗ್ಗುತ್ತದೆ. ರೆಕ್ಕೆಯ ತುದಿಯ ಬಾಗಿಗೆ ಕೂದಲು ಒಣಗಿಸುವ ಡ್ರೈಯರಿನ ಮಂದ ಬಿಸಿ ಸಾಕು.

ಕಾಗದ ಹೊದಿಸಿದ ಫೋಮ್ ಹಾಳೆ, ಬಣ್ಣ ಬಳಿಯದ ಬಾಲ್ಸಾ, ಟಿಶ್ಯೂ ಕಾಗದದ ರೆಕ್ಕೆ, ಇವಕ್ಕೆ ನೀರಿನ ವಿಧಾನ ಸಲ್ಲದು. ಅಲ್ಲಿ ಸ್ಟಿಕರಿನ ನಡುವೆ ಅಡ್ಡಲಾಗಿ ಮಾಸ್ಕಿಂಗ್ ಟೇಪ್ ಅಂಟಿಸಿ ಜಾಗ ಭದ್ರಪಡಿಸಿ, ಒಂದು ಅರ್ಧವನ್ನು ಎತ್ತಿ ಅದರ ಹಿಂಬದಿ ಕಾಗದ ಕತ್ತರಿಸಿ, ಟೇಪಿನಿಂದ ಹೊರಕ್ಕೆ ಇಂಚಿಂಚಾಗಿ ಒತ್ತುತ್ತಾ ಹೋಗಿ, ನಂತರ ಟೇಪ್ ತೆಗೆದು ಇನ್ನರ್ಧ ಮುಗಿಸಿ.

ಹೊದಿಕೆ ಫಿಲ್ಮಿನಲ್ಲಿಯೇ ಪಟ್ಟಿ ಮಾಡುವವರಿಗೆ

ಶಾಖಕ್ಕೆ ಅಂಟುವ ಹೊದಿಕೆ ಫಿಲ್ಮಿನ ತುಂಡುಗಳಿಂದಲೇ ಪಟ್ಟಿ ಮಾಡಿದರೆ ಭಾರ ಕಡಿಮೆ, ಬಾಳಿಕೆ ಹೆಚ್ಚು; ನನ್ನ ಆಯ್ಕೆ ಇದೇ. ಆದರೆ ಕೆಳಗಿನ ಫಿಲ್ಮಿನಲ್ಲಿ ಗಾಳಿ ಹೋಗಲು ದಾರಿಯಿಲ್ಲದ ಕಾರಣ ನಡುವೆ ಸಿಕ್ಕ ಗಾಳಿ ಶಾಖಕ್ಕೆ ಹಿಗ್ಗಿ ಗುಳ್ಳೆಯಾಗುತ್ತದೆ. ಕಟ್ಟಿಗೆಯ ಮೇಲೆ ಹೊದಿಸಿದ ಜಾಗದಲ್ಲಿ ಕೆಳಗಿನ ಫಿಲ್ಮಿಗೆ ಮೊದಲೇ ಸೂಜಿಯಿಂದ ಅಲ್ಲಲ್ಲಿ ಚುಚ್ಚಿ ದಾರಿ ಮಾಡಿ. ಇಸ್ತ್ರಿಯನ್ನು ಅಂಟು ಹಿಡಿಯುವಷ್ಟಕ್ಕೇ ಇಡಿ; ಹಲವು ಫಿಲ್ಮ್‌ಗಳಲ್ಲಿ ಅದು 100 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಫಿಲ್ಮ್ ಕುಗ್ಗುವ ಶಾಖ ಅದಕ್ಕಿಂತ ಬಹಳ ಮೇಲಿದೆ, ಅಲ್ಲಿಗೆ ಹೋದರೆ ಕೆಳಗಿನ ಹೊದಿಕೆಯೇ ಎಳೆದುಕೊಂಡು ಸುಕ್ಕಾಗುತ್ತದೆ. ದೊಡ್ಡ ತುಂಡನ್ನು ಪೂರ್ತಿ ಮೇಲೆ ಹೊದಿಸುವ ಬದಲು ಎರಡು ಬಣ್ಣಗಳು ಐದಾರು ಮಿಲಿಮೀಟರು ಮಾತ್ರ ಒಂದರ ಮೇಲೊಂದು ಬರುವಂತೆ ಮೊದಲೇ ಯೋಜಿಸಿದರೆ ಗುಳ್ಳೆಯ ಪ್ರಶ್ನೆಯೇ ಬರುವುದಿಲ್ಲ. ಯಾವ ತುಂಡು ಮೇಲೆ ಬರಬೇಕು ಎಂಬುದಕ್ಕೆ ಮಾಡಿನ ಹೆಂಚಿನ ಕ್ರಮವೇ ಕ್ರಮ: ಹಿಂದಿನ ತುಂಡು ಮೊದಲು, ಮುಂದಿನದು ಅದರ ಮೇಲೆ. ಹಾಗಾದರೆ ತೆರೆದ ಅಂಚು ಹಿಂದಕ್ಕೆ ಮುಖ ಮಾಡಿ ಗಾಳಿ ಅದನ್ನು ಒತ್ತಿಕೊಂಡೇ ಹೋಗುತ್ತದೆ.

ಹಾರಿಸುವ ಮುನ್ನ

ಎಲ್ಲ ಮುಗಿದ ಮೇಲೆ ವಿಮಾನವನ್ನು ಗುರುತ್ವ ಕೇಂದ್ರದ ಗುರುತಿನಲ್ಲಿ ಬೆರಳ ಮೇಲೆ ನಿಲ್ಲಿಸಿ ಸಮತೋಲ ಮತ್ತೆ ನೋಡಿ, ಎಡ-ಬಲ ರೆಕ್ಕೆಗಳ ತೂಕವನ್ನೂ ನೋಡಿ. ಮೆಥನಾಲ್ ಇಂಧನದ ಎಂಜಿನ್ ಇದ್ದರೆ ಹೊಗೆಯ ಜೊತೆ ಬರುವ ಎಣ್ಣೆ ಅಂಚುಗಳನ್ನು ಎಬ್ಬಿಸುತ್ತದೆ. ಹೊಗೆಕೊಳವೆಯ ಹಿಂದಿನ ಗುರುತುಗಳ ಅಂಚಿಗೆ ಇಂಧನ ತಾಳುವ ಪಾರದರ್ಶಕ ಲೇಪ ಹಚ್ಚಿ, ಪ್ರತಿ ಹಾರಾಟದ ನಂತರ ಒರೆಸಿ. ಮುಂದೆ ಗುರುತು ಬದಲಿಸಬೇಕೆನಿಸಿದರೆ ಡ್ರೈಯರಿನಿಂದ ಬೆಚ್ಚಗೆ ಮಾಡಿ, ಮೈಗೆ ತಾಗಿಕೊಂಡಂತೆ ನಿಧಾನವಾಗಿ ಎಳೆದು ತೆಗೆಯಿರಿ. ಫಿಲ್ಮಿನ ಮೇಲೆ ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಸವರಿ ಅರ್ಧ ಗಂಟೆ ಬಿಟ್ಟು ಬಟ್ಟೆಯಿಂದ ಉಜ್ಜಿದರೆ ಉಂಡೆಯಾಗಿ ಬರುತ್ತದೆ. ಎಣ್ಣೆಯ ಜಿಡ್ಡನ್ನು ಸಾಬೂನು ನೀರಿನಿಂದ ಪೂರ್ತಿ ಒರೆಸಿದ ಮೇಲೆಯೇ ಹೊಸ ಸ್ಟಿಕರ್ ಅಂಟಿಸಬೇಕು.